ಅಕ್ಕನ ಮೋಟರ್‌ಹೋಮ್ ಮತ್ತು ನಮ್ಮ ಮನೆಮಂದಿಯ ಗುಂಪು

ಭಾನುವಾರ ಬೆಳಿಗ್ಗೆ ಆರೂ ಕಾಲಿಗೆ ಚಿಕ್ಕಮ್ಮ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ದಾಟಿಸಿದರು. ಅದರ ನೆತ್ತಿಯ ಮೇಲೆ ಎರಡು ಬಾಣದ ಗುರುತು ಇತ್ತು, ಅಂದರೆ ಆಗಲೇ ಬಹಳ ಕೈ ದಾಟಿ ಬಂದ ಸರಕು.

"ಎಚ್ಚರಿಕೆ! ಮೋಟರ್‌ಹೋಮ್ ಕೊಳ್ಳುವವರು ತಪ್ಪದೆ ಓದಿ. ಗ್ಯಾಸ್ ಗಾಡಿಯಲ್ಲಿ ಮಲಗುವುದೆಂದರೆ ಬಾಂಬಿನ ಮೇಲೆ ಮಲಗಿದಂತೆ. ಗ್ಯಾಸ್ ಎಂಜಿನ್ ಮೊದಲ ಬೆಟ್ಟದಲ್ಲೇ ಸಾಯುತ್ತದೆ. ಡೀಸೆಲ್ ಎಂಜಿನ್ ಹತ್ತು ಲಕ್ಷ ಮೈಲಿ ಓಡುತ್ತದೆ. ನಿಮ್ಮವರನ್ನು ಉಳಿಸಿಕೊಳ್ಳಿ, ಎಲ್ಲರಿಗೂ ಕಳುಹಿಸಿ."

ಅದರ ಕೆಳಗೆ ಚಿಕ್ಕಮ್ಮನದೇ ಒಂದು ಸಾಲು: "ಡೆನ್ವರಿನವರು ಓದಿಕೊಳ್ಳಿ."

ಡೆನ್ವರಿನವರು ಎಂದರೆ ಅಮೆರಿಕದ ಡೆನ್ವರಿನಲ್ಲಿರುವ ನನ್ನ ಅಕ್ಕ ಮತ್ತು ಭಾವ. ಭಾವ ಈ ವರ್ಷ ನಿವೃತ್ತರಾದರು. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುತ್ತೇವೆ, ಉಳಿದ ಹಣದಲ್ಲಿ ಒಂದು ಮೋಟರ್‌ಹೋಮ್, ಅಂದರೆ ಒಲೆ ಹಾಸಿಗೆ ಎಲ್ಲ ಒಳಗೇ ಇರುವ ದೊಡ್ಡ ಗಾಡಿ, ಕೊಂಡು ವರ್ಷಕ್ಕೆ ನಾಲ್ಕು ತಿಂಗಳು ಸುತ್ತುತ್ತೇವೆ ಎಂದು ಅಕ್ಕ ಮೂರು ವಾರದ ಹಿಂದೆ ಇದೇ ಗುಂಪಿನಲ್ಲಿ ಬರೆದಿದ್ದಳು. ಆ ದಿನ ಹೆಬ್ಬೆರಳುಗಳೂ ಹೂಗುಚ್ಛಗಳೂ ಸಾಲಾಗಿ ಬಂದವು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಇಂದು ಯಾರು ಬರೆದದ್ದೋ ಗೊತ್ತಿಲ್ಲದ ಐದು ಸಾಲಿಗೆ ಇಡೀ ಗುಂಪು ಎದ್ದು ಕುಳಿತಿತು.

ದೊಡ್ಡಪ್ಪ: "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇರುವ ಮನೆಯನ್ನು ಮಾರಿ ಚಕ್ರದ ಮೇಲಿನ ಮನೆ ಕೊಳ್ಳುವುದು ಯಾವ ವಿವೇಕ? ನಾವು ಮೂವತ್ತು ವರ್ಷ ಒಂದೇ ಸೈಕಲ್ ತುಳಿದವರು."

ಅಣ್ಣನ ಮಗಳು: "ದೊಡ್ಡಜ್ಜ, ಸಂದೇಶದಲ್ಲಿರುವುದು ಎಂಜಿನ್ನಿನ ವಿಷಯ. ಚಿಕ್ಕಜ್ಜಿ, ಇದಕ್ಕೆ ಮೂಲ ಎಲ್ಲಿದೆ? ಯಾವ ಎಂಜಿನ್, ಯಾವ ವರ್ಷದ್ದು, ಯಾರು ಅಳೆದರು?"

ಚಿಕ್ಕಮ್ಮ: "ಮೂಲ ಕೇಳುವುದಾದರೆ ನಾನು ಇನ್ನು ಏನನ್ನೂ ಹಾಕುವುದಿಲ್ಲ. ಕಾಳಜಿಯಿಂದ ಕಳುಹಿಸಿದೆ."

ಅಣ್ಣನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಕಳೆದ ಯುಗಾದಿಯಲ್ಲಿ ಅರಿಶಿನದ ಔಷಧಿಯ ಬಗ್ಗೆಯೂ ಅವಳು ಇದನ್ನೇ ಕೇಳಿದ್ದಳು, ಆ ಗಾಯ ಚಿಕ್ಕಮ್ಮನಿಗೆ ಇನ್ನೂ ಮಾಗಿಲ್ಲ. ಮುಂದಿನ ಹನ್ನೆರಡು ಸಂದೇಶಗಳು ಆ ಅರಿಶಿನಕ್ಕೇ ಹೋದವು.

ನಡುವೆ ಸೋದರತ್ತೆ ಗಾಬರಿಯಿಂದ ಬರೆದರು: "ಅಡುಗೆಯ ಸಿಲಿಂಡರಿನಿಂದಲೇ ಗಾಡಿ ಓಡುತ್ತದೆಯೇ? ಮಲಗುವಾಗ ಅದನ್ನು ತಿರುಗಿಸಿ ಮುಚ್ಚಲು ಅವಳಿಗೆ ಹೇಳಿ."

ಇಡೀ ಗೊಂದಲದ ಬೇರು ಇಲ್ಲಿತ್ತು, ಯಾರೂ ಗಮನಿಸಲಿಲ್ಲ. ಅಮೆರಿಕದಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್, ಗ್ಯಾಸೊಲಿನ್ ಎಂಬುದರ ಮೊಟಕು. ಬಾಂಬಿನ ಮಾತು ಬರೆದವರು ಅದನ್ನು ಸಿಲಿಂಡರ್ ಎಂದೇ ತಿಳಿದು ಬರೆದಿರಬೇಕು. ಮೋಟರ್‌ಹೋಮಿನಲ್ಲಿ ಪ್ರೊಪೇನ್ ಎಂಬ ಉರಿಯುವ ಅನಿಲದ ತೊಟ್ಟಿ ಇರುವುದು ನಿಜ. ಒಲೆ, ಚಳಿಯ ಹೀಟರ್, ನೀರು ಕಾಯಿಸುವುದು, ಕೆಲವದರಲ್ಲಿ ಫ್ರಿಜ್ ಕೂಡ ಅದರಿಂದ ನಡೆಯುತ್ತವೆ. ಆದರೆ ಡೀಸೆಲ್ ಗಾಡಿಗಳಲ್ಲೂ ಎಷ್ಟೋ ಕಡೆ ಅದೇ ತೊಟ್ಟಿ ಇದೆ. ಪೂರ್ತಿ ವಿದ್ಯುತ್ತಿನ ಅಡುಗೆಮನೆ ಬರುವುದು ದುಬಾರಿ ಡೀಸೆಲ್ ಗಾಡಿಗಳಲ್ಲಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದಕ್ಕೇ ಎಚ್ಚರಿಕೆಯ ಗಂಟೆಯನ್ನು ಮಂಚದ ಕೆಳಗೆ, ನೆಲಕ್ಕೆ ಹತ್ತಿರ ಕೂರಿಸಿರುತ್ತಾರೆ. ಅತ್ತೆಗೆ ಇದನ್ನು ಬೇರೆಯಾಗಿ ಬರೆದೆ. "ಆ ಗಂಟೆ ಬಾರಿಸುತ್ತದೆಯೇ ಎಂದು ನೋಡಿಕೊಳ್ಳಲು ಹೇಳು" ಎಂದರು. ಆ ದಿನ ಅಕ್ಕನಿಗೆ ಸಿಕ್ಕ ಮೊದಲ ಉಪಯುಕ್ತ ಸಲಹೆ ಅದು.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಅವರು ದುಡಿದದ್ದು ಲಾರಿ ಸಾಗಣೆಯ ಕಚೇರಿಯಲ್ಲಿ. ಡೀಸೆಲ್ ಎಂದರೆ ಅವರಿಗೆ ನಂಬಿಕೆಯ ವಿಷಯ.

ಚಿಕ್ಕಪ್ಪ: "ಹತ್ತು ಲಕ್ಷ ಮೈಲಿ ಸುಳ್ಳಲ್ಲ. ನಾನೇ ಲೆಕ್ಕದ ಪುಸ್ತಕದಲ್ಲಿ ನೋಡಿದ್ದೇನೆ. ಪೆಟ್ರೋಲ್ ಹಾಕುವವರು ಹಣ ಸುಡುವವರು."

ಅಣ್ಣನ ಮಗಳು: "ಅದು ಲಾರಿಯ ಎಂಜಿನ್. ದಿನವಿಡೀ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಂಥದ್ದು. ದೊಡ್ಡತ್ತೆ ವರ್ಷಕ್ಕೆ ಐದು ಸಾವಿರ ಮೈಲಿ ಓಡಿಸಿದರೆ ಹತ್ತು ಲಕ್ಷ ಮುಟ್ಟಲು ಇನ್ನೂರು ವರ್ಷ ಬೇಕು."

ಇದಕ್ಕೆ ಉತ್ತರ ಬರಲಿಲ್ಲ. ಚಿಕ್ಕಪ್ಪ ಮಾತು ಬದಲಿಸಿ ಹಿರಿಯರ ಎದುರು ಮಾತನಾಡುವ ರೀತಿ ಯಾವುದೆಂದು ಬರೆದರು. ದೊಡ್ಡಪ್ಪ ಕೈಮುಗಿಯುವ ಚಿತ್ರ ಹಾಕಿದರು.

ಆಗ ಸೋದರತ್ತೆಯ ಮಗ ಬಂದ. ಡೀಸೆಲ್ ಎಂಬ ಶಬ್ದ ಸಾಕು, ಅವನಿಗೆ ಅಜ್ಜನ ಜೀಪು ನೆನಪಾಗುತ್ತದೆ. "ಚಳಿಗಾಲದ ಬೆಳಿಗ್ಗೆ ಅಜ್ಜ ಕೀಲಿಯನ್ನು ಅರ್ಧ ತಿರುಗಿಸಿ ಹಿಡಿಯುತ್ತಿದ್ದರು. ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ ತಂತಿ ಕೆಂಪಗಾಗುವವರೆಗೆ ನಾವು ಇಪ್ಪತ್ತು ಎಣಿಸಬೇಕಿತ್ತು. ಯಾರ ಎಣಿಕೆ ತಪ್ಪದೋ ಅವರಿಗೆ ಮುಂದಿನ ಸೀಟು." ನನಗೂ ಆ ಕೆಂಪು ಚುಕ್ಕೆ ಕಣ್ಣಿಗೆ ಕಟ್ಟಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಹಿಸುಕಿ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು ಅದರ ರೀತಿ. ಚಳಿಯಲ್ಲಿ ಆ ಕಾವು ಸಾಲದೆ ತಂತಿಯ ನೆರವು ಬೇಕಾಗುತ್ತದೆ. ಅಜ್ಜ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಇದಕ್ಕೆ ಮೊದಲು ಮೈ ಬಿಸಿಯಾಗಬೇಕು." ಅರ್ಧ ಗಂಟೆ ಗುಂಪಿನಲ್ಲಿ ಜಗಳವಿರಲಿಲ್ಲ, ಬರೀ ಜೀಪಿತ್ತು.

ಅದನ್ನು ಕೆಡಿಸಿದ್ದು ಚಿಕ್ಕಪ್ಪ. "ಡೀಸೆಲ್ ಬಗ್ಗೆ ಇವನು ಮಾತನಾಡುತ್ತಾನೆ. ಯೆಲ್ಲೋಸ್ಟೋನಿಗೆ ಹೋದಾಗ ಬಾಡಿಗೆಯ ಡೀಸೆಲ್ ವ್ಯಾನಿಗೆ ಪೆಟ್ರೋಲ್ ತುಂಬಿಸಿದವನು ಯಾರು?"

ಎಂಟು ವರ್ಷದ ಹಳೆಯ ಗಾಯ ಇದು. ಅಂದು ಬಂಕಿನಲ್ಲಿ ಹಸಿರು ಹಿಡಿಕೆಯ ಪೈಪ್ ಎತ್ತಿದವನು ಅತ್ತೆಯ ಮಗನೇ. ಅಮೆರಿಕದ ಹೆಚ್ಚಿನ ಬಂಕುಗಳಲ್ಲಿ ಹಸಿರು ಹಿಡಿಕೆ ಡೀಸೆಲಿನದು. ಆದರೆ ಪೆಟ್ರೋಲಿಗೇ ಹಸಿರು ಕೊಡುವ ಬಂಕುಗಳೂ ಇವೆ, ನಮಗೆ ಸಿಕ್ಕಿದ್ದು ಅಂಥದ್ದು. ಡೀಸೆಲಿನ ದಪ್ಪ ನಳಿಕೆ ಪೆಟ್ರೋಲ್ ಗಾಡಿಯ ಕಿರಿದಾದ ಬಾಯಿಗೆ ಹಿಡಿಸುವುದಿಲ್ಲ. ಪೆಟ್ರೋಲಿನ ಸಣ್ಣ ನಳಿಕೆ ಮಾತ್ರ ಡೀಸೆಲ್ ತೊಟ್ಟಿಯ ಅಗಲ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ತಪ್ಪು ಆಗುವುದು ಹೆಚ್ಚಾಗಿ ಈ ದಿಕ್ಕಿನಲ್ಲೇ, ಕೆಡುವುದೂ ಈ ದಿಕ್ಕಿನಲ್ಲೇ ಹೆಚ್ಚು, ಏಕೆಂದರೆ ಡೀಸೆಲಿನ ಒತ್ತಡದ ಪಂಪಿಗೆ ಆ ಎಣ್ಣೆಯ ಜಿಡ್ಡೇ ಆಧಾರ. ಇಷ್ಟನ್ನು ಅಂದೇ ಯಾರಾದರೂ ಹೇಳಿದ್ದರೆ ಆ ಹುಡುಗ ಎಂಟು ವರ್ಷ ತಲೆ ತಗ್ಗಿಸಬೇಕಿರಲಿಲ್ಲ. ನಾನು ಹೇಳಬಹುದಿತ್ತು, ಹೇಳಿರಲಿಲ್ಲ. ಈಗ ಬರೆದೆ. ಅವನು ಒಂದೇ ಶಬ್ದ ಹಾಕಿದ: "ಕೊನೆಗೂ."

ಅಂದು ಆ ವ್ಯಾನನ್ನು ಎಳೆದುಕೊಂಡು ಹೋದವರು ಕೊಂಡೊಯ್ದ ಹಣವನ್ನು ಯಾರು ಕೊಟ್ಟರು ಎಂಬ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಆರು ವರ್ಷದಿಂದ ಗ್ಯಾಸ್ ಮೋಟರ್‌ಹೋಮ್ ಓಡಿಸುತ್ತಿದ್ದೇನೆ. ಊಟ ಮುಗಿಸಿ, ಸುಮ್ಮನಿರಲಾರದೆ, ಉದ್ದದ ಒಂದು ಸಂದೇಶ ಬರೆದೆ.

"ಅಕ್ಕ, ಬೆಟ್ಟದಲ್ಲಿ ಗ್ಯಾಸ್ ಎಂಜಿನ್ ಸಾಯುವುದಿಲ್ಲ, ಏದುಸಿರು ಬಿಡುತ್ತದೆ. ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ನಿಮ್ಮ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಲ್ಲಿ ನನ್ನ ಗಾಡಿ ಲಾರಿಗಳ ಸಾಲಿನಲ್ಲಿ 35 ಮೈಲಿ ವೇಗದಲ್ಲಿ ಏರಿತು. ಏರಿತು, ಅಷ್ಟೇ ಮುಖ್ಯ. ಡೀಸೆಲಿಗೆ ಟರ್ಬೊ ಇರುವುದರಿಂದ ಎತ್ತರ ಅಷ್ಟಾಗಿ ತಾಗುವುದಿಲ್ಲ. ಚಕ್ರ ತಿರುಗಿಸಿ ಭಾರ ಎಳೆಯುವ ತಿರುಗುಬಲವೂ (ಟಾರ್ಕ್) ಬಹಳ ಹೆಚ್ಚು: ಫೋರ್ಡಿನ 7.3 ಲೀಟರ್ ಗ್ಯಾಸ್ ಎಂಜಿನ್ 468 ಪೌಂಡ್-ಅಡಿ ಕೊಟ್ಟರೆ, ಮೋಟರ್‌ಹೋಮುಗಳಲ್ಲಿ ಬರುವ ಕಮಿನ್ಸ್ 6.7 ಲೀಟರ್ ಡೀಸೆಲ್ 800ರವರೆಗೆ ಕೊಡುತ್ತದೆ. ಸುರಂಗ ದಾಟಿದ ಮೇಲೆ ಶೇಕಡಾ 7ರ ಇಳಿಜಾರಿದೆ. ಅಲ್ಲಿ ಹೊಗೆಯ ದಾರಿಯನ್ನು ತಡೆದು ವೇಗ ಇಳಿಸುವ, ಡೀಸೆಲಿನ ಎಕ್ಸಾಸ್ಟ್ ಬ್ರೇಕ್ ಗಾಡಿಯನ್ನು ತಾನೇ ಹಿಡಿದಿಡುತ್ತದೆ. ಗ್ಯಾಸ್ ಗಾಡಿಯಲ್ಲಿ ಗೇರ್ ಇಳಿಸಬೇಕು, ಎಂಜಿನ್ ಕೂಗುತ್ತದೆ, ಕೂಗಲಿ. ಆದರೆ ಇದೆಲ್ಲಕ್ಕೆ ಕೊಡುವ ಬೆಲೆ ನೋಡು. ಹೊಸದರಲ್ಲಿ ಅಂತರ ಸುಲಭವಾಗಿ ಲಕ್ಷ ಡಾಲರ್ ಮುಟ್ಟುತ್ತದೆ. ನನ್ನ ಎಂಜಿನ್ನಿಗೆ ಏಳೆಂಟು ಲೀಟರ್ ಆಯಿಲ್ ಸಾಕು, ದೊಡ್ಡ ಡೀಸೆಲಿಗೆ ಇಪ್ಪತ್ತಕ್ಕೂ ಹೆಚ್ಚು ಬೇಕು. 2010ರ ನಂತರದ ಡೀಸೆಲ್ ಗಾಡಿಗೆ ಹೊಗೆಯ ಮಾಲಿನ್ಯ ತಗ್ಗಿಸುವ ಯೂರಿಯಾ ದ್ರವವನ್ನೂ ತುಂಬಬೇಕು, ಅದು ಸೊನ್ನೆಗಿಂತ 11 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಎಂಜಿನ್ ಸಾಯುವ ಮೊದಲು ಛಾವಣಿ ಸೋರುತ್ತದೆ, ಟೈರ್ ಮುದಿಯಾಗುತ್ತದೆ. ಭಾರದ ಕಾರನ್ನು ಹಿಂದೆ ಕಟ್ಟಿ ಎಳೆಯುವುದಿಲ್ಲವಾದರೆ ನಿಮ್ಮ ಓಡಾಟಕ್ಕೆ ಗ್ಯಾಸ್ ಸಾಕು."

ದೊಡ್ಡಪ್ಪ: "ಇಷ್ಟುದ್ದ ಯಾರು ಓದುತ್ತಾರೆ? ಸಾರಾಂಶ ಬರೆ."

ಚಿಕ್ಕಪ್ಪ: "ತನ್ನದು ಗ್ಯಾಸ್ ಎಂದು ಗ್ಯಾಸನ್ನು ಹೊಗಳುತ್ತಾನೆ."

ಅಣ್ಣನ ಮಗಳು ಮಾತ್ರ ಕಮಿನ್ಸಿನ ಅಂಕಿಯನ್ನು ಪರಿಶೀಲಿಸಿ ಸರಿಯಿದೆ ಎಂದಳು.

ಅಕ್ಕ ರಾತ್ರಿ ಹತ್ತರ ಹೊತ್ತಿಗೆ ಬಂದಳು. ಅವಳು ಗುಂಪಿನಲ್ಲಿ ಬರೆಯುವುದೇ ಅಪರೂಪ.

"ಎಲ್ಲರದೂ ಓದಿದೆ. ನಿಮ್ಮ ಭಾವನಿಗೆ ಎಡಗಿವಿ ಪೂರ್ತಿ ಹೋಗಿ ಎರಡು ವರ್ಷವಾಯಿತು. ಬಲಗಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ನಿನ್ನೆ ಎರಡೂ ಗಾಡಿಯನ್ನು ಐ-70ರ ಏರಿನಲ್ಲಿ ಓಡಿಸಿ ನೋಡಿದೆವು. ಗ್ಯಾಸ್ ಗಾಡಿಯಲ್ಲಿ ಎಂಜಿನ್ ಮುಂದಿದೆ, ನಮ್ಮಿಬ್ಬರ ಸೀಟಿನ ನಡುವೆ ಒಂದು ಗೂಡಿನ ಕೆಳಗೆ. ಏರು ಶುರುವಾದ ಕೂಡಲೇ ಇವರು ಕಿವಿಯ ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅದು ಎಂಜಿನ್ನಿನ ಸದ್ದನ್ನೇ ದೊಡ್ಡದು ಮಾಡಿ ಕಿವಿಗೆ ತುಂಬುತ್ತದಂತೆ. ಆಮೇಲೆ ನಾನು ಹೇಳಿದ್ದು ಒಂದೂ ಕೇಳಿಸಲಿಲ್ಲ, ತಿರುಗಬೇಕಾದ ದಾರಿ ತಪ್ಪಿತು. ಡೀಸೆಲ್ ಗಾಡಿಯಲ್ಲಿ ಎಂಜಿನ್ ಹಿಂದೆ, ಮಂಚದ ಕೆಳಗೆ. ಅದೇ ಏರಿನಲ್ಲಿ ಇವರು ಯಂತ್ರ ತೆಗೆಯಲಿಲ್ಲ. ಮಧ್ಯಾಹ್ನ ಎಲ್ಲಿ ನಿಲ್ಲಿಸೋಣ ಎಂದು ಮೆಲ್ಲಗೆ ಕೇಳಿದರು. ನಾಲ್ಕು ತಿಂಗಳು ಪಕ್ಕಪಕ್ಕ ಕುಳಿತು ಮಾತಿಲ್ಲದೆ ಹೋಗಲು ನನಗೆ ಮನಸ್ಸಿಲ್ಲ. ಹೊಸದು ಕೊಳ್ಳುವುದಿಲ್ಲ. 2008ರ 34 ಅಡಿಯ ಡೀಸೆಲ್ ಒಂದಿದೆ, ಯೂರಿಯಾ ತೊಟ್ಟಿಯ ತಲೆನೋವಿಲ್ಲ, ಹೊಸ ಗ್ಯಾಸ್ ಗಾಡಿಗಿಂತ ಎಷ್ಟೋ ಅಗ್ಗ."

ಮೂರು ಸಲ ಓದಿದೆ. ಭಾವನ ಎಡಗಿವಿಯ ವಿಷಯ ನನಗೆ ಗೊತ್ತಿರಲಿಲ್ಲ. ಎರಡು ವರ್ಷ! ಎಂಜಿನ್ ಕೂಗುತ್ತದೆ, ಕೂಗಲಿ ಎಂದು ಅವಳಿಗೇ ಬರೆದಿದ್ದೆ. ನನ್ನ ಗಾಡಿಯಲ್ಲೂ ಏರು ಬಂದರೆ ನಾನೂ ಹೆಂಡತಿಯೂ ಮಾತು ನಿಲ್ಲಿಸುತ್ತೇವೆ, ಮೇಲೆ ಮುಟ್ಟಿದ ಮೇಲೆ ಎಲ್ಲಿ ಬಿಟ್ಟಿದ್ದೆವು ಎಂದು ಹುಡುಕುತ್ತೇವೆ. ಆರು ವರ್ಷದಲ್ಲಿ ಅದನ್ನು ಎಂಜಿನ್ನಿನ ಗುಣದೋಷದ ಪಟ್ಟಿಗೆ ನಾನು ಒಮ್ಮೆಯೂ ಸೇರಿಸಿರಲಿಲ್ಲ.

ಗುಂಪಿನಲ್ಲಿ ಚಿಕ್ಕಪ್ಪ "ನಾನು ಹೇಳಿರಲಿಲ್ಲವೇ, ಡೀಸೆಲ್" ಎಂದು ಬರೆದರು. ಚಿಕ್ಕಮ್ಮ ತಮ್ಮ ಬೆಳಗಿನ ಸಂದೇಶಕ್ಕೆ ತಾವೇ ಒಂದು ಹೃದಯ ಒತ್ತಿದರು. ನಾನು ಗುಂಪು ಬಿಟ್ಟು ಅಕ್ಕನಿಗೆ ನೇರವಾಗಿ ಬರೆದೆ. ಡೀಸೆಲ್ ಸರಿ, ತೆಗೆದುಕೊ. ಆದರೆ ಸಹಿ ಹಾಕುವ ಮೊದಲು ಬಗ್ಗಿ ಟೈರಿನ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ ಕಳುಹಿಸು, ತಯಾರಾದ ವಾರ ಮತ್ತು ವರ್ಷ ಅದರಲ್ಲಿರುತ್ತದೆ. ಹೊರಗಿನ ಮುಖದಲ್ಲಿ ಕಾಣದಿದ್ದರೆ ಒಳಮುಖದಲ್ಲಿ ನೋಡು.

ಸೋಮವಾರ ಮಧ್ಯಾಹ್ನ ಚಿತ್ರ ಬಂತು. ಭಾವ ನೆಲಕ್ಕೆ ಮಂಡಿಯೂರಿ ಟಾರ್ಚ್ ಹಿಡಿದಿದ್ದಾರೆ, ಕಿವಿಯಲ್ಲಿ ಯಂತ್ರ ಇದೆ. ಬೆಳಕಿನ ವೃತ್ತದಲ್ಲಿ, ಧೂಳು ಒರೆಸಿದ ಜಾಗದಲ್ಲಿ, 2316. ಅಂದರೆ 2016ರ 23ನೇ ವಾರ. ಟೈರಿನ ಹಲ್ಲು ಹೊಸದರಂತೆ ಆಳವಾಗಿದೆ, ಆದರೆ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ನಿಂತಲ್ಲೇ ಮುದಿಯಾದ ಟೈರ್.

"ಆರೂ ಬದಲಿಸಬೇಕು, ಆ ಹಣವನ್ನು ಬೆಲೆಯಲ್ಲಿ ಇಳಿಸಲು ಕೇಳಿ" ಎಂದು ಬರೆದೆ. "ಇವರು ಆಗಲೇ ಕೇಳುತ್ತಿದ್ದಾರೆ" ಎಂದಳು ಅಕ್ಕ.