ಸಿಡಿಲು ಮೋಡದ ಹತ್ರ ವಿಮಾನ ಹೋದ್ರೆ ಏನೂ ಆಗಲ್ವಾ?

ಕಿಟಕಿಸೀಟು: ಮೊನ್ನೆ ರಾತ್ರಿ ಫ್ಲೈಟಲ್ಲಿ ದೂರದ ಮೋಡದೊಳಗೆ ಕೆಟ್ಟ ಟ್ಯೂಬ್‌ಲೈಟ್ ಥರ ಮಿಂಚ್ತಿತ್ತು, ಆಮೇಲೆ ಶುರುವಾಯ್ತು ನೋಡಿ ಕುಲುಕಾಟ, ಲೋಟದ ನೀರೆಲ್ಲ ಮಡಿಲಿಗೆ, ರೆಕ್ಕೆ ಮುರಿಯತ್ತೇನೋ ಅನ್ಸ್ತು. ಪೈಲಟ್‌ಗೆ ಮೊದ್ಲೇ ಕಾಣಲ್ವಾ?

ಮೋಡಪ್ರಿಯ: ಕಾಣತ್ತೆ ಗುರು. ಮೂತಿಯಲ್ಲಿರೋ ರೇಡಾರ್ ಮಳೆಹನಿ ಹಿಡಿಯತ್ತೆ, ಜೋರು ಮಳೆ ಇರೋ ಕಡೆ ಸ್ಕ್ರೀನಲ್ಲಿ ಕೆಂಪು. ಭಾರಿ ಸಿಡಿಲು ಮೋಡ ಇದ್ರೆ ಕನಿಷ್ಠ 20 ಮೈಲಿ ದೂರದಿಂದ ಸುತ್ಕೊಂಡು ಹೋಗ್ಬೇಕು ಅನ್ನೋದು ಲೆಕ್ಕ. ಆದ್ರೆ ಮೋಡಾನೇ ಇಲ್ದೆ ಬರೋ ಕುಲುಕಾಟ ಇದ್ಯಲ್ಲ, ಅದ್ರಲ್ಲಿ ಹನಿ ಇರಲ್ಲ, ಹಂಗಾಗಿ ರೇಡಾರ್‌ಗೆ ಗೊತ್ತೇ ಆಗಲ್ಲ.

ನಟ್ಟುಬೋಲ್ಟು: ರೆಕ್ಕೆ ಚಿಂತೆ ಬಿಡಿ. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ 1.5 ಪಟ್ಟು ತಡೀಬೇಕು ಅಂತಾನೇ ರೂಲ್ಸ್ ಇದೆ, ಅದು ಬಗ್ಗೋದೇ ಒಳ್ಳೇದು. ಪೆಟ್ಟಾಗೋದು ಜಾಸ್ತಿ ಬೆಲ್ಟ್ ಹಾಕ್ದೆ ಇರೋರಿಗೆ.

ಕಿಟಕಿಸೀಟು: ನಾನೂ ಬಿಚ್ಚಿಟ್ಟಿದ್ದೆ 😅