ಗ್ರೈಂಡರ್ ಹಿಡಿದವನ ಸುತ್ತ

ಹಳೆಯ ಬೈಕಿನ ಚಾಸಿಯನ್ನು ಮನೆಯಲ್ಲೇ ಕತ್ತರಿಸುತ್ತೇನೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಸಲಹೆಗಾರರು ಕರೆಯದೆಯೇ ಬಂದು ನೆರೆಯುತ್ತಾರೆ. ಸೈಲೆನ್ಸರ್ ಬದಲಿಸಿದರೆ ಯಾರೂ ಬರುವುದಿಲ್ಲ. ಹ್ಯಾಂಡಲ್ ತಗ್ಗಿಸಿದರೆ ಒಬ್ಬಿಬ್ಬರು ಬಂದು ಮೂಗು ಮುರಿದು ಹೋಗಬಹುದು. ನಟ್ಟು ಬೋಲ್ಟಿನ ಕೆಲಸವನ್ನು ಬೇಡವೆನಿಸಿದರೆ ಬಿಚ್ಚಿ ಮೊದಲಿನಂತೆ ಕೂರಿಸಬಹುದು, ಅದರಲ್ಲಿ ಸ್ವಾರಸ್ಯವಿಲ್ಲ. ಚಾಸಿಗೆ ಕಟಿಂಗ್ ಚಕ್ರ ತಾಗಿತೆಂದರೆ ಹಿಂದಿರುಗುವ ದಾರಿಯಿಲ್ಲ. ಅಂಥ ಕೆಲಸವನ್ನು ಇನ್ನೊಬ್ಬನು ಮಾಡುವಾಗ ಪಕ್ಕದಲ್ಲಿ ಕುಳಿತು ನೋಡುವ ಸುಖವೇ ಬೇರೆ.

ಬೈಕು ಯಾರದೋ ಅವನನ್ನು ಯಜಮಾನ ಎಂದು ಕರೆಯೋಣ. ಉಳಿದವರು: ಎಲ್ಲದಕ್ಕೂ ಲೆಕ್ಕ ತೆಗೆಯುವ ಲೆಕ್ಕಿಗ, ಎಲ್ಲದಕ್ಕೂ ಕಥೆ ತೆಗೆಯುವ ಪುರಾಣಿಕ, ನಿಜವಾಗಿ ಕೆಲಸ ಬಲ್ಲ ವೆಲ್ಡರ್, ಮತ್ತು ಮೂಲೆಯ ಸ್ಟೂಲಿನ ಮೇಲೆ ಕುಳಿತ ಮೌನಿ. ನನ್ನ ಪಾಲಿಗೆ ಟಾರ್ಚ್ ಹಿಡಿಯುವ ಹುದ್ದೆ ಬಂದಿತ್ತು. ಕೈ ಒಂದು ಕಡೆ ನಿಂತರೆ ಬಾಯಿಗೆ ಬೇಕಾದಷ್ಟು ಬಿಡುವಿರುತ್ತದೆ.

"ಚಾಪರ್ ಮಾಡುತ್ತೇನೆ" ಎಂದ ಯಜಮಾನ. "ಮುಂದಿನ ಚಕ್ರ ಅಷ್ಟು ದೂರ ಚಾಚಿರಬೇಕು. ಹ್ಯಾಂಡಲ್ ಕೂರುವ ಚಾಸಿಯ ಕತ್ತು ಕತ್ತರಿಸಿ, ವಾಲಿಸಿ, ಮತ್ತೆ ಬೆಸೆದರಾಯಿತು."

"ಎಷ್ಟು ಡಿಗ್ರಿ?" ಲೆಕ್ಕಿಗನ ಕಣ್ಣು ಹೊಳೆಯಿತು.

"ಚೆನ್ನಾಗಿ ಕಾಣುವಷ್ಟು."

ಲೆಕ್ಕಿಗನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆಯೇ ಚಿತ್ರ ಬರೆಯತೊಡಗಿದ. "ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆ. ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಹೋಗಿ ಅದು ಬೀಳುತ್ತದೆ. ಆ ಎರಡರ ನಡುವಿನ ಅಂತರವೇ ಟ್ರೇಲ್. ತಳ್ಳುಗಾಡಿಯ ಪುಟ್ಟ ಚಕ್ರ ನೀನು ತಳ್ಳಿದ ಕಡೆಗೆ ತಾನಾಗಿ ತಿರುಗಿ ಹಿಂಬಾಲಿಸುತ್ತದಲ್ಲ, ಅದೂ ಟ್ರೇಲ್‌ನ ಕೃಪೆ. ಈಗ ಚಕ್ರದ ತ್ರಿಜ್ಯ 310 ಮಿಲಿಮೀಟರ್, ಫೋರ್ಕಿನ ಆಫ್‌ಸೆಟ್, ಅಂದರೆ ಆ ಅಕ್ಷದ ಗೆರೆಯಿಂದ ಚಕ್ರದ ನಡುಬಿಂದು ಮುಂದಕ್ಕಿರುವ ದೂರ, 60 ಎಂದುಕೋ. ಕತ್ತಿನ ಓರೆ 27 ಡಿಗ್ರಿ ಇದ್ದಾಗ ಟ್ರೇಲ್ ಸುಮಾರು 90 ಮಿಲಿಮೀಟರ್. ಬೇರೇನನ್ನೂ ಮುಟ್ಟದೆ ಅದನ್ನು 40 ಡಿಗ್ರಿಗೆ ವಾಲಿಸಿದರೆ ಸುಮಾರು 180. ನೇರಾನೇರ ಎರಡು ಪಟ್ಟು!"

"ಹೆಚ್ಚಾದರೆ ಒಳ್ಳೆಯದೇ ಅಲ್ಲವೇ?"

"ವೇಗವಾಗಿ ನೇರ ರಸ್ತೆಯಲ್ಲಿ ಹೋಗುವಾಗ ಒಳ್ಳೆಯದೇ. ತಿರುವಿನಲ್ಲಿ ಬೈಕು ನಿನ್ನ ಮಾತು ಕೇಳುವುದಿಲ್ಲ. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಒಂದು ಪಕ್ಕಕ್ಕೆ ಧೊಪ್ಪನೆ ವಾಲುತ್ತದೆ."

"ಹಾಗಾದರೆ ನಿಧಾನಕ್ಕೆ ಹೋಗುವುದೇ ಇಲ್ಲ."

"ಗೇಟು ದಾಟುವುದು ಹೇಗೆ?"

ಯಜಮಾನ ಗೇಟಿನ ಕಡೆಗೆ ನೋಡಿದ. ಅಷ್ಟು ಹೊತ್ತು ಸುಮ್ಮನಿದ್ದ ವೆಲ್ಡರ್ ಆಗ ಬಾಯಿ ತೆರೆದ. "ಗೇಟಿನ ಮಾತು ಆಮೇಲೆ. ಮುಂದಿನ ಬ್ರೇಕ್ ಹಿಡಿದಾಗ ಭಾರವೆಲ್ಲ ಬಂದು ಎರಗುವುದು ಆ ಕತ್ತಿನ ಮೇಲೆ. ಅಲ್ಲಿ ಬೆಸುಗೆ ಬಿರಿದರೆ ಚಕ್ರ ಒಂದು ದಾರಿ, ನೀನು ಒಂದು ದಾರಿ. ಚಾಸಿ ನಂಬರ್ ಇರುವುದೂ ಅಲ್ಲಿಯೇ. ಅದರ ಮೇಲೆ ಗ್ರೈಂಡರ್ ಆಡಿಸಿದರೆ ನಿನ್ನ ಬೈಕನ್ನು ನೀನೇ ಕದ್ದವನಂತೆ ಕಾಣುತ್ತೀಯ."

ಈ ಒಂದು ವಿಷಯದಲ್ಲಿ ನಾನು ವೆಲ್ಡರ್ ಪಕ್ಷ, ಅದನ್ನು ಮುಚ್ಚಿಡುವುದಿಲ್ಲ. ಸೀಟಿನ ಹಿಂದಿನ ಬಾಲ ನಮ್ಮದು, ಅಲ್ಲಿ ಆಟವಾಡಬಹುದು. ಕತ್ತಿನ ತಂಟೆಗೆ ಮಾತ್ರ ಮನೆಯಲ್ಲಿ ಹೋಗಬಾರದು. ಫ್ಯಾಷನ್ನಿಗಾಗಿ ಕತ್ತು ಕೊಯ್ಯುವುದೆಂದರೆ ಬೈಕಾದರೂ ಏನೆಂದುಕೊಂಡೀತು?

"ಬ್ಯಾಟರಿ ಎಲ್ಲಿಡುತ್ತೀಯ?" ಎಂದ ಮೌನಿ. ಯಾರೂ ಕಿವಿಗೊಡಲಿಲ್ಲ.

ಚಾಪರ್ ಕೈಬಿಟ್ಟ ಯಜಮಾನನಿಗೆ ಹಾರ್ಡ್‌ಟೇಲ್ ಹೊಳೆಯಿತು. ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಕಿತ್ತೊಗೆದು, ಹಿಂದಿನ ಚಕ್ರವನ್ನು ಹಿಡಿದು ಏರಿಳಿಯುವ ಸ್ವಿಂಗ್ ಆರ್ಮ್ ಇದ್ದ ಜಾಗದಲ್ಲಿ ಗಟ್ಟಿ ಪೈಪಿನ ತ್ರಿಕೋನ ಬೆಸೆದುಬಿಡುವುದು. ಗೆರೆ ಸೊಗಸಾಗಿ ಬರುತ್ತದೆ, ಚೈನಿನ ಬಿಗಿತವೂ ಗುಂಡಿ ಬಂದಾಗ ಏರಿಳಿಯುವುದಿಲ್ಲ. ಆದರೆ ಆ ಗುಂಡಿಗೂ ಕೂತವನ ಸೊಂಟಕ್ಕೂ ನಡುವೆ ಉಳಿಯುವುದು ಟೈರಿನ ಗಾಳಿ ಮತ್ತು ಸೀಟಿನ ಸ್ಪ್ರಿಂಗ್ ಮಾತ್ರ.

"ಮೊದಲೆಲ್ಲ ಹಾಗೆಯೇ ಇತ್ತು" ಎಂದು ಪುರಾಣಿಕ ಗಂಟಲು ಸರಿಪಡಿಸಿಕೊಂಡ. ಈ ಕ್ಷಣಕ್ಕಾಗಿ ಅವನು ಬಹಳ ಹೊತ್ತಿನಿಂದ ಕಾದಿದ್ದ. "ಚಾಸಿ ಎಂದರೆ ಬ್ರಿಟನ್ನಿನ ಬೈಕ್ ಕಂಪನಿ ನಾರ್ಟನ್‌ನ ಫೆದರ್‌ಬೆಡ್. ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ರೂಪಿಸಿದ್ದು. 1950ರಲ್ಲಿ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ಬೈಕ್ ರೇಸ್ ಗೆದ್ದ. ಇನ್ನೊಬ್ಬ ಸವಾರ ಹೆರಾಲ್ಡ್ ಡ್ಯಾನಿಯಲ್ ಓಡಿಸಿ ನೋಡಿ, ಗರಿಯ ಹಾಸಿಗೆಯ ಮೇಲೆ ಕೂತಂತಿದೆ ಎಂದ. ಹೆಸರು ಅಂಟಿಕೊಂಡಿತು."

"ಅದಕ್ಕೆ ಹಿಂದೆ ಸಸ್ಪೆನ್ಷನ್ ಇತ್ತಲ್ಲ?" ಎಂದ ಲೆಕ್ಕಿಗ.

"ಇತ್ತು."

"ಹಾಗಾದರೆ ಹಾರ್ಡ್‌ಟೇಲ್ ಮಾತಿನ ನಡುವೆ ಇದೇಕೆ ಬಂತು?"

"ಕಥೆ ಚೆನ್ನಾಗಿದೆ ಎಂದು ಬಂತು" ಎಂದು ಪುರಾಣಿಕ ಅಳುಕದೆ ಮುಂದುವರಿಸಿದ. "ಆ ಕಾಲದಲ್ಲಿ 500 ಸಿಸಿಯ ಪುಟ್ಟ ರೇಸ್ ಕಾರುಗಳಿದ್ದವು. ಅವುಗಳ ಓಟಗಾರರಿಗೆ ನಾರ್ಟನ್‌ನ ಎಂಜಿನ್ ಬೇಕು. ಕಂಪನಿ ಬರಿಯ ಎಂಜಿನ್ ಮಾರುತ್ತಿರಲಿಲ್ಲ. ಆದ್ದರಿಂದ ಇಡೀ ಬೈಕು ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದದ್ದನ್ನು ಬಿಟ್ಟುಬಿಡುತ್ತಿದ್ದರು. ಹಾಗೆ ಅನಾಥವಾದ ಚಾಸಿಗಳಿಗೆ ಹುಡುಗರು ಟ್ರಯಂಫ್ ಬೈಕಿನ ಎಂಜಿನ್ ಕೂರಿಸಿದರು. ಟ್ರಯಂಫ್ ಮತ್ತು ನಾರ್ಟನ್ ಸೇರಿ ಟ್ರೈಟನ್. ರೇಸ್ ಬೈಕಿನಂತೆ ಹಗುರಾಗಿಸಿ ತಗ್ಗಿಸಿದ ರಸ್ತೆಯ ಬೈಕೇ ಕೆಫೆ ರೇಸರ್, ಅದೆಂದರೆ ಇವತ್ತಿಗೂ ಮೊದಲು ಹೇಳುವ ಹೆಸರು ಟ್ರೈಟನ್."

ಯಜಮಾನ ಮಂತ್ರಮುಗ್ಧನಾದ. "ಹಾಗಾದರೆ ಕೆಫೆ ರೇಸರ್!" ಎಂದು ಘೋಷಿಸಿದ. ಲೆಕ್ಕಕ್ಕೆ ಬಗ್ಗದವನು ಕಥೆಗೆ ಬಗ್ಗಿದ. ಹಾರ್ಡ್‌ಟೇಲ್‌ನಿಂದ ಅವನ ಬೆನ್ನುಮೂಳೆಯನ್ನು ಉಳಿಸಿದ ಪುಣ್ಯ ಪುರಾಣಿಕನಿಗೇ ಸೇರಬೇಕು.

ಕೆಫೆ ರೇಸರ್ ಎಂದ ಮೇಲೆ ಕೆಲಸ ಚಿಕ್ಕದಾಯಿತು. ಸೀಟಿನ ಹಿಂದಿನ ಉದ್ದನೆಯ ಕಂಬಿಗಳನ್ನು ಶಾಕ್ ಅಬ್ಸಾರ್ಬರ್ ಸಿಕ್ಕಿಸುವ ಕಿವಿಗಳ ಹಿಂದೆ ಕತ್ತರಿಸಿ, ಕುದುರೆ ಲಾಳದ ಆಕಾರದ ಲೂಪ್ ಬೆಸೆಯುವುದು, ಅಷ್ಟೇ. ಯಜಮಾನ ಹೆಮ್ಮೆಯಿಂದ ಒಂದು ಪೈಪು ಹೊರತೆಗೆದ. ಫಳಫಳ ಹೊಳೆಯುತ್ತಿತ್ತು.

"ಇದು ನೀರಿನ ಪೈಪು" ಎಂದ ವೆಲ್ಡರ್.

"ಗಟ್ಟಿಯಾಗಿದೆ."

"ಸತು ಲೇಪಿಸಿದ ಪೈಪು. ಬೆಸೆಯುವಾಗ ಸತುವಿನ ಹೊಗೆ ಏಳುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ. ನೀರು ಹರಿಸುವುದಕ್ಕೆ ಮಾಡಿದ್ದರಲ್ಲಿ ನೀರು ಹರಿಸು. ಇಲ್ಲಿಗೆ ಹೊಲಿಗೆಯಿಲ್ಲದೆ ಎಳೆದ ಉಕ್ಕಿನ ಪೈಪು ತಾ. ಹೊರ ಅಳತೆ, ಗೋಡೆಯ ದಪ್ಪ ಎರಡೂ ಹಳೆಯ ಕಂಬಿಗೆ ಹೊಂದಬೇಕು."

ಸರಿಯಾದ ಪೈಪು ಬಂದ ಮೇಲೆ ವೆಲ್ಡರಿನ ನಿಜವಾದ ರೂಪ ಕಂಡಿತು. ಮಾತಿನಲ್ಲಿ ಜಿಪುಣ, ಕೆಲಸದಲ್ಲಿ ಧಾರಾಳಿ. ಪೈಪಿನ ತುದಿಗೆ ತುದಿ ತಾಗಿಸಿ ಬೆಸೆಯುವುದನ್ನು ಅವನು ಒಪ್ಪಲೇ ಇಲ್ಲ. ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ತುಂಡನ್ನು ಅರ್ಧ ಹಳೆಯ ಕಂಬಿಯೊಳಕ್ಕೆ, ಅರ್ಧ ಹೊಸ ಲೂಪಿನೊಳಕ್ಕೆ ತೂರಿಸಿದ. ಹೊರಗಿನ ಪೈಪಿಗೆ ಅಲ್ಲಲ್ಲಿ ತೂತು ಕೊರೆದು, ಆ ತೂತಿನ ಮೂಲಕವೇ ಒಳತುಂಡನ್ನು ಬೆಸೆಯಬೇಕೆಂದ. ಅಂಚುಗಳನ್ನು ಬಣ್ಣ, ತುಕ್ಕು, ಎಣ್ಣೆ ಒಂದೂ ಉಳಿಯದಂತೆ ಉಜ್ಜಿ ಬೆಳ್ಳಗೆ ಮಾಡಿದ. ಆಮೇಲೆ ಮೇಲೆ ಒಂದು ಚುಕ್ಕೆ, ಕೆಳಗೆ ಒಂದು ಚುಕ್ಕೆ, ಎಡಕ್ಕೆ, ಬಲಕ್ಕೆ. ಪ್ರತಿ ಚುಕ್ಕೆಯ ನಂತರವೂ ಅಳತೆಪಟ್ಟಿ ಹಿಡಿದು ನೋಡಿದ.

"ಒಂದೇ ಸಲ ಸುತ್ತ ಎಳೆದರೆ ಬೇಗ ಮುಗಿಯುವುದಿಲ್ಲವೇ?" ಎಂದು ಯಜಮಾನ ಚಡಪಡಿಸಿದ.

"ಮುಗಿಯುತ್ತದೆ. ಆರುವಾಗ ಬೆಸುಗೆ ಕುಗ್ಗಿ ಪೈಪನ್ನು ತನ್ನ ಕಡೆಗೆ ಜಗ್ಗುತ್ತದೆ. ಸೀಟು ಒಂದು ಕಡೆ, ಬೈಕು ಇನ್ನೊಂದು ಕಡೆ ಮುಖ ಮಾಡುತ್ತವೆ."

"ಎಷ್ಟು ಡಿಗ್ರಿ?" ಎಂದ ಲೆಕ್ಕಿಗ.

ವೆಲ್ಡರ್ ಅವನತ್ತ ನೋಡದೆ, ಬ್ಯಾಟರಿಯ ತಂತಿ ಕಳಚಿದ್ದೀಯಾ ಎಂದು ಯಜಮಾನನನ್ನು ಕೇಳಿದ. ಕಳಚಿರಲಿಲ್ಲ. ವೆಲ್ಡಿಂಗ್ ಯಂತ್ರದ ಕರೆಂಟು ಚಾಸಿಯಲ್ಲಿ ಹರಿಯುವಾಗ ಬ್ಯಾಟರಿ, ಇಗ್ನಿಷನ್ ಪೆಟ್ಟಿಗೆ, ರೆಗ್ಯುಲೇಟರ್ ಎಲ್ಲವೂ ಅದೇ ಚಾಸಿಗೆ ಅಂಟಿಕೊಂಡಿದ್ದರೆ ಯಾವುದು ಸುಡುತ್ತದೆ ಎನ್ನುವುದು ಅದೃಷ್ಟದ ಆಟ. ಪೆಟ್ರೋಲ್ ಟ್ಯಾಂಕ್ ಕೂಡ ಪಕ್ಕದಲ್ಲೇ ಇತ್ತು. "ಅದು ಖಾಲಿ" ಎಂದ ಯಜಮಾನ. "ಖಾಲಿ ಇರುವುದಕ್ಕೇ ಹೆದರಿಕೆ, ಒಳಗೆಲ್ಲ ಆವಿ ತುಂಬಿರುತ್ತದೆ" ಎಂದ ವೆಲ್ಡರ್. ಪುರಾಣಿಕ ತಾನೇ ಎದ್ದು ಟ್ಯಾಂಕನ್ನು ಅಂಗಳದ ಆಚೆ ತುದಿಗೆ ಹೊತ್ತೊಯ್ದ. ಅವನು ಒಂದು ವಸ್ತುವನ್ನು ಎತ್ತಿದ್ದನ್ನು ನಾವು ಆವತ್ತೇ ನೋಡಿದ್ದು.

ಬಿಚ್ಚಿದ ಬ್ಯಾಟರಿಯನ್ನು ಮೌನಿಯ ಕೈಗೆ ಕೊಟ್ಟರು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೀಟಿನ ಕೆಳಗೆ ಈಗ ಆರಪಾರ ಕಾಣುತ್ತಿದ್ದ ಖಾಲಿ ಜಾಗವನ್ನು ನೋಡಿದ. ಕೆಫೆ ರೇಸರಿನ ಸೊಗಸೆಲ್ಲ ಆ ಖಾಲಿ ಜಾಗದಲ್ಲೇ ಇದೆ. ಬ್ಯಾಟರಿ, ಫ್ಯೂಸು, ತಂತಿಗಳ ಗೊಂಚಲು ಮೊದಲು ಇದ್ದದ್ದೂ ಅಲ್ಲಿಯೇ. "ಅದೇ, ಎಲ್ಲಿಡುತ್ತೀಯ ಎಂದು ಕೇಳಿದೆ" ಎಂದ. ಈ ಬಾರಿ ಎಲ್ಲರೂ ಕೇಳಿಸಿಕೊಂಡರು. ಸ್ವಿಂಗ್ ಆರ್ಮ್ ತಿರುಗುಗೂಟದ ಕೆಳಗೆ ತಟ್ಟೆ ಬೆಸೆದು ಚಿಕ್ಕ ಬ್ಯಾಟರಿ ಇಡುವುದೆಂದು ತೀರ್ಮಾನವಾಯಿತು.

ಉಳಿದದ್ದು ಲೂಪಿನ ಎತ್ತರ. ಯಜಮಾನನಿಗೆ ಅದು ಟೈರಿಗೆ ಇನ್ನೇನು ತಾಗುವಂತೆ ತಗ್ಗಾಗಿರಬೇಕಿತ್ತು. ವೆಲ್ಡರ್ ಮರುಮಾತಾಡದೆ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿದ, ಜಾಕ್ ಇಟ್ಟು ಹಿಂದಿನ ಚಕ್ರವನ್ನು ಮೇಲಕ್ಕೆ ಎತ್ತಿದ. ಶಾಕ್ ಪೂರ್ತಿ ಅದುಮಿದಾಗ ಚಕ್ರ ಎಲ್ಲಿಯವರೆಗೆ ಏರುತ್ತದೋ ಅಲ್ಲಿ ನಿಲ್ಲಿಸಿದ. ಟೈರು ಹೋಗಿ ಲೂಪಿಗೆ ಒತ್ತಿಕೊಂಡು ನಿಂತಿತು. ಸೀಟಿನ ತಳ, ಮಡ್‌ಗಾರ್ಡ್, ಅವುಗಳ ಬೋಲ್ಟುಗಳ ಜಾಗ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

"ಸ್ವಲ್ಪ ಮೇಲೆತ್ತು" ಎಂದ ಯಜಮಾನ. ಎತ್ತಿದರು. ಮಡ್‌ಗಾರ್ಡ್ ಇಟ್ಟು ನೋಡಿದರು. "ಇನ್ನೂ ಸ್ವಲ್ಪ." ಮತ್ತೆ ಎತ್ತಿದರು. ಕೊನೆಗೆ ಚಕ್ರಕ್ಕೂ ಮಡ್‌ಗಾರ್ಡಿಗೂ ಬೆರಳಾಡುವಷ್ಟು ಜಾಗ ಸಿಕ್ಕಿತು. ಲೆಕ್ಕಿಗನು ಅಳತೆಪಟ್ಟಿ ಹಿಡಿದು ನೆಲದಿಂದ ಲೂಪಿನವರೆಗೆ ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಕತ್ತರಿಸಿದ ಹಳೆಯ ಕಂಬಿಗಳನ್ನು ತಂದು ಪಕ್ಕದಲ್ಲಿ ಹಿಡಿದ.

"ಕಾರ್ಖಾನೆಯವರು ಇಟ್ಟಿದ್ದೂ ಇಷ್ಟೇ ಎತ್ತರ" ಎಂದ.

"ಇರಬಹುದು" ಎಂದ ಯಜಮಾನ. "ಅವರು ನನ್ನನ್ನು ಕೇಳಿ ಇಟ್ಟಿರಲಿಲ್ಲ."