ಒಡ್ಡೋಲಗ, ಚೌಕಿ: ಈ ಎರಡು ಪದ ಬೇರೆ ಕಡೆಯವ್ರಿಗೂ ಅರ್ಥ ಆಗ್ತದಾ?

ಎಲ್ರಿಗೂ ನಮಸ್ಕಾರ, ಶಿರಸಿಯಿಂದ ಬರೀತಾ ಇದ್ದೇನೆ. ರಾಜಮನೆತನ ಮತ್ತೆ ಸೆಲೆಬ್ರಿಟಿ ಕಲ್ಚರ್ ಬಗ್ಗೆ ಕ್ರಿಟಿಕಲ್ ಥಿಯರಿಯವ್ರು (ಸಮಾಜದಲ್ಲಿ ಅಧಿಕಾರ ಹೇಗೆ ನಡೀತದೆ ಅಂತ ಪ್ರಶ್ನೆ ಮಾಡೋ ಚಿಂತಕರು) ಏನು ಹೇಳ್ತಾರೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೀತಿದ್ದೇನೆ, ಅದ್ರಲ್ಲಿ ಎರಡು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲ್ನೇದು ಜರ್ಮನ್ ಚಿಂತಕ ಹಾಬರ್ಮಾಸ್ 1962ರಲ್ಲಿ ಹೇಳಿದ್ದು, ಇಂಗ್ಲಿಷಲ್ಲಿ ರೆಪ್ರೆಸೆಂಟೇಟಿವ್ ಪಬ್ಲಿಕ್‌ನೆಸ್ ಅಂತಾರೆ. ಮಧ್ಯಯುಗದ ಯೂರೋಪಲ್ಲಿ ದೊರೆ ಅನ್ನೋನು ಕಿರೀಟ, ಬಟ್ಟೆ, ನಿಲ್ಲೋ ಠೀವಿ, ಮಾತಿನ ಧಾಟಿ ಇದೆಲ್ಲದ್ರಿಂದ ತನ್ನ ದೊರೆತನ ತೋರಿಸ್ಕೊಳ್ತಿದ್ದ, ಆ ತೋರಿಕೆಯೇ ಅಧಿಕಾರ. ಇದನ್ನ 'ಪ್ರಾತಿನಿಧಿಕ ಸಾರ್ವಜನಿಕತೆ' ಅಂತ ಮಾಡಿದ್ರೆ ಅರ್ಥ ಪೂರ್ತಿ ತಿರುಗಿ ಹೋಗ್ತದೆ, ಯಾಕಂದ್ರೆ ಪ್ರತಿನಿಧಿ ಅಂದ್ರೆ ನಮಗೆ ಜನರ ಪರವಾಗಿ ನಿಂತವ್ನು, ಎಮ್ಮೆಲ್ಲೆ ಥರ. ಹಾಬರ್ಮಾಸ್ ಹೇಳೋದು ಅದಕ್ಕೆ ಉಲ್ಟಾ, ದೊರೆ ನಿಂತಿದ್ದು ಜನರ ಪರವಾಗಿ ಅಲ್ಲ, ಜನರ ಎದುರಿಗೆ.

ಇದಕ್ಕೆ ನಾನು 'ಒಡ್ಡೋಲಗ' ಅಂತ ಹಾಕಿದ್ದೇನೆ. ಹಳಗನ್ನಡ ಕಾವ್ಯದಲ್ಲಿ ಅರಸ 'ಒಡ್ಡೋಲಗಂಗೊಟ್ಟು', ಅಂದ್ರೆ ತುಂಬಿದ ಸಭೆಗೆ ದರ್ಶನ ಕೊಟ್ಟು, ಕೂರೋದು ಗೊತ್ತೇ ಇದೆ. ನಮ್ಮ ಕಡೆ ಯಕ್ಷಗಾನದಲ್ಲಿ ಇದು ಇನ್ನೂ ಜೀವಂತ ಪದ, ರಾಜವೇಷ ತೆರೆ ಹಿಂದೆ ಕುಣಿದು, ಸ್ವಲ್ಪ ಸ್ವಲ್ಪವೇ ಕಾಣಿಸ್ಕೊಂಡು ಆಮೇಲೆ ಪೂರ್ತಿ ರಂಗಕ್ಕೆ ಬರೋದು. ಈ ತೆರೆ ಇರೋದ್ರಿಂದಲೇ ಪದ ನಂಗೆ ಅಷ್ಟು ಸರಿ ಅನ್ಸಿದ್ದು. ಬ್ರಿಟನ್ನಿನ 1953ರ ಪಟ್ಟಾಭಿಷೇಕ ಟೀವಿಯಲ್ಲಿ ಬಂತು, ಆದ್ರೆ ರಾಣಿಗೆ ತೈಲ ಹಚ್ಚೋ ಗಳಿಗೆ ಮಾತ್ರ ತೋರಿಸ್ಲಿಲ್ಲ. 2023ರ ಮೇ 6ಕ್ಕೆ ಚಾರ್ಲ್ಸ್‌ಗೂ ಹಾಗೇ, ಸುತ್ತ ತೆರೆ ಹಿಡಿದು ಒಳಗೆ ತೈಲ ಹಚ್ಚಿದ್ರು. ಎಲ್ಲಾ ತೋರಿಸ್ತಾ ಒಂದನ್ನ ಮುಚ್ಚಿಡೋದ್ರಲ್ಲೇ ದೊರೆತನ ಹುಟ್ತದೆ ಅನ್ನೋದು 'ಪ್ರದರ್ಶನ' ಅನ್ನೋ ಸಪ್ಪೆ ಪದದಲ್ಲಿ ಬರೋದೇ ಇಲ್ಲ.

ತೊಂದರೆ ಏನಂದ್ರೆ ಮೈಸೂರು ಕಡೆ ಓಲಗ ಅಂದ್ರೆ ಮದುವೆ ವಾದ್ಯ. ಆ ಕಡೆಯವ್ರಿಗೆ ಒಡ್ಡೋಲಗ ಅಂದ್ರೆ ಏನು ಕೇಳಿಸ್ತದೆ?

ಎರಡನೇದು ಹೆಚ್ಚು ಕಷ್ಟದ್ದು. ಗಾಫ್‌ಮನ್ 1950ರ ದಶಕದಲ್ಲಿ ಬ್ಯಾಕ್ ಸ್ಟೇಜ್ ಅಂತ ಹೇಳಿದ, ಅಂದ್ರೆ ನಾವು ಜನರ ಎದುರಿನ ವೇಷ ಕಳಚಿಟ್ಟು ಇರೋ ಹಿಂದಿನ ಜಾಗ. ಅವ್ನು ಸಮಾಜಶಾಸ್ತ್ರದವ್ನು, ಆದ್ರೆ ಸೆಲೆಬ್ರಿಟಿ ಬಗ್ಗೆ ಬರೆಯೋರು ಆ ಪದ ಬಿಡೋದಿಲ್ಲ. ಡಿಕ್ಷನರಿ ಹಿಡಿದು ಹೋದ್ರೆ 'ನೇಪಥ್ಯ' ಸಿಗ್ತದೆ, ಮೂಲಾರ್ಥದಲ್ಲಿ ಸರಿಯಾಗೇ ಇದೆ. ಆದ್ರೆ ಈಗ ಪೇಪರಿನ ಕನ್ನಡದಲ್ಲಿ ನಟ ನೇಪಥ್ಯಕ್ಕೆ ಸರಿದ ಅಂದ್ರೆ ಜನ ಅವ್ನನ್ನ ಮರೆತ್ರು ಅಂತ! ಸೆಲೆಬ್ರಿಟಿ ವಿಷಯದಲ್ಲಿ ಆಗೋದು ಇದಕ್ಕೆ ತದ್ವಿರುದ್ಧ, ಹಿಂದಿನ ಕೋಣೆಯೇ ಮಾರಾಟಕ್ಕಿರೋ ಸರಕು, ಮೇಕಪ್ ಇಲ್ದೇ ಇರೋ ಮುಖ, ಅಡುಗೆಮನೆ, ಜಗಳ, ಅಳು. ಹಾಗಾಗಿ 'ಚೌಕಿ' ಅಂತ ಬರೆದೆ, ಯಕ್ಷಗಾನದವ್ರು ಬಣ್ಣ ಹಚ್ಚೋ ಜಾಗ, ಮಕ್ಕಳಿಂದ ಹಿಡ್ದು ಎಲ್ರೂ ಇಣುಕಿ ನೋಡೋಕೆ ಹೋಗೋ ಜಾಗ.

ಈ ಜೋಡಿಪದ ಇಟ್ಕೊಂಡ್ರೆ ಇಡೀ ವಾದ ಕನ್ನಡದಲ್ಲೇ ಹೇಳ್ಬಹುದು ಅಂತ ನನ್ನ ನಂಬಿಕೆ. ರಾಜಪ್ರಭುತ್ವದ ಮಾಯೆ ಮೇಲೆ ಹಗಲಿನ ಬೆಳಕು ಬಿಡಬಾರ್ದು ಅಂತ ಇಂಗ್ಲಿಷ್ ಪತ್ರಕರ್ತ ಬ್ಯಾಜೆಟ್ 1867ರಲ್ಲೇ ಬರೆದಿದ್ದ, ಅಂದ್ರೆ ಒಡ್ಡೋಲಗ ಸಾಕು, ಚೌಕಿ ಬಾಗಿಲು ತೆಗೀಬೇಡಿ ಅಂತ. 1969ರಲ್ಲಿ ಅರಮನೆಯವ್ರೇ ಟೀವಿ ಕ್ಯಾಮೆರಾ ಒಳಗೆ ಬಿಟ್ಕೊಂಡು ರಾಣಿಯ ಮನೆಯವ್ರು ಹೊರಗೆ ಒಲೆ ಹಚ್ಚಿ ಅಡುಗೆ ಮಾಡೋದನ್ನೂ ತೋರಿಸಿದ್ರು, ಆಮೇಲೆ ಆ ಚಿತ್ರ ದಶಕಗಟ್ಟಲೆ ಪೂರ್ತಿಯಾಗಿ ಪ್ರಸಾರ ಆಗ್ಲಿಲ್ಲ. ಅಷ್ಟರಲ್ಲಿ ಜನರಿಗೆ ರುಚಿ ಹತ್ತಿತ್ತು, 1995ರ ನವೆಂಬರಲ್ಲಿ ಡಯಾನಾ ಬಿಬಿಸಿಯಲ್ಲಿ ತನ್ನ ಮದುವೆ ಮುರಿದ ಕಥೆ ಹೇಳೋ ಹೊತ್ತಿಗೆ ರಾಜಮನೆತನ, ಸೆಲೆಬ್ರಿಟಿ ಅನ್ನೋ ಗೆರೆ ಹೆಚ್ಚು ಉಳಿದಿರ್ಲಿಲ್ಲ.

ಆದ್ರೆ ಕರಾವಳಿ, ಮಲೆನಾಡು ಬಿಟ್ರೆ ಚೌಕಿ ಅಂದ್ರೆ ಪೊಲೀಸ್ ಚೌಕಿ ಅಂತ ಓದೋರೇ ಜಾಸ್ತಿ ಇರ್ಬಹುದು. 'ಬಣ್ಣದ ಮನೆ' ಅಂತ ಹಾಕು ಅಂದ್ರು ಒಬ್ರು, ಚೆಂದ ಇದೆ, ಆದ್ರೆ ಎರಡಕ್ಷರದ ಪದಕ್ಕೆ ಇರೋ ಬಿಗಿ ಇಲ್ಲ. ಧಾರವಾಡ, ಗದಗ, ಬಳ್ಳಾರಿ ಕಡೆ ದೊಡ್ಡಾಟದವ್ರು, ಕಂಪನಿ ನಾಟಕದವ್ರು ಈ ಜಾಗಕ್ಕೆ ಏನಂತಾರೆ? ಆಡುಮಾತಿನ ಪದವೇ ಬೇಕು, ಗೊತ್ತಿದ್ದವ್ರು ಒಂದು ವಾಕ್ಯದಲ್ಲಿ ಬಳಸಿ ತೋರಿಸಿದ್ರೆ ಇನ್ನೂ ಒಳ್ಳೇದು.